ಜೂನ್ ಒಂದು

ನಾಪೋಕ್ಲಿನ ಶಾಲೆಯ ಹಳೇ ದಾಖಲಾತಿ ಪುಸ್ತಕದ ನಕಲು,
ನಮ್ಮ ಒಕ್ಕದ ಮದುವೆ ಖರ್ಚಿನ ಕಡತ,
ಎರಡನ್ನೂ ಮೇಜಿಗೆ ಹರವಿ
ಗ್ರಾಫ್ ಹಾಳೆಯಲ್ಲಿ ಹನ್ನೆರಡು ಮನೆ ಬರೆದೆ.
ಮೂವತ್ತು ವರ್ಷ ಲೆಕ್ಕ ಕಲಿಸಿದ ಕೈ,
ಸುಮ್ಮನಿರದು.

ಮದುವೆಗಳು ಹೇಳಿದಂತೆ ಕೇಳಿದವು.
ಎಡಮ್ಯಾರಿನಲ್ಲಿ ಹತ್ತೊಂಬತ್ತು ಚುಕ್ಕೆ:
ಕಣಜದಲ್ಲಿ ಇನ್ನೂ ಭತ್ತ, ಗದ್ದೆ ಒಣಗಿ
ದಿಬ್ಬಣ ಅಡ್ಡ ಹಾಯಬಹುದು,
ಹೊಸ ಸೊಸೆ ಸೇದಿದ ನೀರಿನಲ್ಲಿ
ಬಾವಿ ತಳದ ಮಣ್ಣು ಬಂದರೂ ಯಾರೂ ಏನೂ ಅನ್ನರು.
ಪುತ್ತರಿ ಕಳೆದ ಮೇಲೆ ನಾಲ್ಕು.
ಕಕ್ಕಡದ ಮನೆ ಖಾಲಿ.
ಖಾಲಿಯೇ ಇರಬೇಕು; ಆ ತಿಂಗಳು
ಗೊರಗದೊಳಗಿನ ಮುಖ ಯಾರದೆಂದು
ಹತ್ತಿರ ಬಂದರೂ ತಿಳಿಯದು.

ಹುಟ್ಟುಗಳು ಮಾತ್ರ ಜೂನಿನಲ್ಲಿ ರಾಶಿ ಬಿದ್ದವು.
ದೊಡ್ಡಪ್ಪ ಕುಟ್ಟಯ್ಯ, ಜೂನ್. ಅವರ ತಮ್ಮ ಬೆಳ್ಯಪ್ಪ, ಜೂನ್.
ಗದ್ದೆಯಾಚೆ ಮನೆಯ ಪೊನ್ನವ್ವ, ಜೂನ್.
ಇಪ್ಪತ್ತಾರು ಮಂದಿ, ಒಂದೇ ಗುಡ್ಡ.
ಇನ್ನೂರ ಅರವತ್ತಾರು ದಿನ ಹಿಂದಕ್ಕೆ ಎಣಿಸಿದೆ.
ಸೆಪ್ಟೆಂಬರ್ ಎಂಟು.
ಕೈಲ್‌ಪೊಳ್ದ್ ಕಳೆದ ವಾರ!
ನಾಟಿ ಮುಗಿದಿದೆ, ಕೋವಿಗೆ ಹೂ ಮುಡಿಸಿದೆ,
ಎತ್ತುಗಳಿಗೂ ರಜೆ,
ಕೆಸರು ತೊಳೆದ ಕಾಲುಗಳಿಗೆ
ಎರಡು ತಿಂಗಳ ಮೇಲೆ ಬೆಚ್ಚಗೆ ಚಾಪೆ.
ನನ್ನ ಹಿರಿಯರು ಇಷ್ಟೊಂದು ಪ್ರೀತಿಯವರೆಂದು
ನನಗೇ ನಾಚಿಕೆಯಾಗಿ ಹಾಳೆ ಮಡಚಿದೆ.

ಒಯ್ದು ತೋರಿಸಿದ್ದು ಬೊಳ್ಳವ್ವ ತಾಯಿಗೆ.
(ನಮ್ಮಲ್ಲಿ ಅಜ್ಜಿಯೇ ತಾಯಿ; ಹೆತ್ತವಳು ಅವ್ವ.)
ತೊಂಬತ್ತಮೂರೋ ತೊಂಬತ್ತಾರೋ,
ಜಗಲಿಯಲ್ಲಿ ಒಳ್ಳೆಮೆಣಸು ಉಜ್ಜಿ ಕಾಳು ಬಿಡಿಸುತ್ತಿದ್ದಳು.
ಕೇಳಿ, ಉಸಿರು ಕಟ್ಟುವಷ್ಟು ನಕ್ಕಳು.
“ಅದು ಪದ್ಮಯ್ಯ ಮಾಸ್ತರ ಪ್ರೀತಿ, ಮಗಳೇ.
ಸುಳ್ಯದ ಕಡೆಯವರು. ಸಾಲಾಗಿ ನಿಲ್ಲಿಸಿ
ಬಲಗೈ ತಲೆಯ ಮೇಲಿಂದ ಹಾಯಿಸಿ
ಎಡಗಿವಿ ಸಿಕ್ಕಿದವರೆಲ್ಲ ಜೂನ್ ಒಂದಕ್ಕೆ ಹುಟ್ಟಿದರು.
ನನ್ನ ಕೈ ಗಿಡ್ಡ.
ನಾನು ಮರುವರ್ಷ ಹುಟ್ಟಿದೆ.”

ಹಾಗಾದರೆ ನಿಜವಾಗಿ ಯಾವಾಗ?
ಬೆರಳು ಮಡಚದೆ ಹೇಳುತ್ತ ಹೋದಳು:
ಕುಟ್ಟಯ್ಯ, ಕಾಫಿ ಹೂ ಬಿಟ್ಟು ತೋಟವೆಲ್ಲ ಬೆಳ್ಳಗಾದ ಬೆಳಿಗ್ಗೆ.
ಬೆಳ್ಯಪ್ಪ, ಕದಿರು ತೆಗೆದ ರಾತ್ರಿ,
ಕೋವಿ ಸದ್ದಿಗೆ ಬೆಚ್ಚಿ ಹದಿನೈದು ದಿನ ಮೊದಲೇ ಬಂದವನು.
ಪೊನ್ನವ್ವ, ಆನೆ ಬಾಳೆ ಮುರಿದ ವರ್ಷ, ಕಿತ್ತಳೆ ಬಣ್ಣ ತಿರುಗುವಾಗ.
ನಾನು ಗುಡ್ಡ ಕೆಡವಿ
ಚುಕ್ಕೆಗಳನ್ನು ಅವುಗಳ ಮನೆಗೆ ಕಳಿಸುತ್ತ ಕೂತೆ.
ಎಲ್ಲ ತಿಂಗಳೂ ಅಷ್ಟಿಷ್ಟು ತುಂಬಿತು,
ಕಕ್ಕಡ ಬಿಟ್ಟು.

“ಮಳೆಗಾಲದಲ್ಲಿ ಯಾರೂ ಹುಟ್ಟಲಿಲ್ಲವೇ, ತಾಯೀ?”

ಮೆಣಸು ಉಜ್ಜುವ ಕೈ ನಿಲ್ಲಲಿಲ್ಲ.
“ಹುಟ್ಟದೆ? ಒಲೆಯ ಮೇಲೆ ಕಟ್ಟಿದ ಬಟ್ಟೆ ಒಣಗುತ್ತಿರಲಿಲ್ಲ,
ಅಷ್ಟರೊಳಗೆ ಕಫ.
ಅವು ಮಾಸ್ತರವರೆಗೆ ನಡೆದು ಹೋಗಲಿಲ್ಲ.”
ಸ್ವಲ್ಪ ಹೊತ್ತಿಗೆ, ನಾನು ಕೇಳದೆಯೇ:
“ನನ್ನವು ಎರಡು. ತೊಟ್ಟಿಲಿಗೆ ಹಾಕಿರಲಿಲ್ಲ,
ಹಾಗಾಗಿ ಹೆಸರಿಲ್ಲ.”

ಪೆನ್ಸಿಲು ಕೈಯಲ್ಲೇ ಇತ್ತು.
ಅವಳೇ ಹಾಳೆ ಎಳೆದುಕೊಂಡು
ಕಣ್ಣು ಕಿರಿದು ಮಾಡಿ, “ಇದೇನಾ ಕಕ್ಕಡ?” ಎಂದು
ಆ ಮನೆಯಲ್ಲಿ ಎರಡು ಕಾಳು ಇಟ್ಟಳು.

ಮಡಚಲಾಗದೆ
ಹಾಳೆಯನ್ನು ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದು
ಬಸ್ಸು ಹತ್ತಿದೆ.
ಏನೆಂದು ಕೇಳದೆ ಯಾರೋ ಜಾಗ ಬಿಟ್ಟರು.