ಐದನೆಯ ಗಂಟು

ಸೀಮೆಸುಣ್ಣ ಮುಗಿದು ಹದಿನೈದು ದಿನ.
ಮಸೇರುವಿನಿಂದ ಬರಬೇಕಾದ ಪೆಟ್ಟಿಗೆ
ಯಾವ ಕಣಿವೆಯಲ್ಲಿ ಕೂತು ಬಿಸಿಲು ಕಾಯಿಸುತ್ತಿದೆಯೋ.
ಹಾಗಾಗಿ ಇವತ್ತು ಹಗ್ಗ.

ಎತ್ತಿನ ಚರ್ಮದ ಹಗ್ಗ, ತುದಿಗೆ ತುದಿ ಕಟ್ಟಿ,
ನಾಲ್ಕು ಗಂಟು ಹಾಕಿ, ನಾಲ್ವರನ್ನು ಅಂಗಳಕ್ಕೆ ಕರೆದೆ:
ನ್ಥಾತಿ, ಟುಮಿಸಾಂಗ್, ರೆಫಿಲ್ವೆ,
ಸದಾ ಮೂಗು ಸೋರುವ ಲಿಬುಸೆಂಗ್.
ಉಣ್ಣೆ ಟೊಪ್ಪಿ ಕಣ್ಣಿನ ತನಕ ಎಳೆದುಕೊಳ್ಳಿ.
ಮಾತಾಡಬಹುದು, ನೋಡುವಂತಿಲ್ಲ.
ಚೌಕ ಮಾಡಿ.

"ಎಲ್ಲಿದ್ದೀಯೇ?" "ಇಲ್ಲೇ."
"ಇಲ್ಲೇ ಅಂದರೆ ಎಲ್ಲಿ?"
"ನೀನು ಎಳೆದರೆ ನಾನು ಬೀಳುವಲ್ಲಿ."

ಟೊಪ್ಪಿ ಎತ್ತಿ ನೋಡಿದರೆ
ಗಾಳಿಗೆ ವಾಲಿದ ಬಾಗಿಲ ಚೌಕಟ್ಟು.
"ನಾಲ್ಕೂ ಬದಿ ಸಮ ಇದೆಯಲ್ಲ, ಮ್ಮೆ!"
ಟುಮಿಸಾಂಗ್ ಬಿಡುವವನಲ್ಲ.
ಸಮ ಇದೆ. ನಾನು ಸುಮ್ಮನಿದ್ದೆ.
ಇಪ್ಪತ್ತೆರಡು ವರ್ಷದಲ್ಲಿ ಕಷ್ಟಪಟ್ಟು ಕಲಿತ ವಿದ್ಯೆ
ಅದೊಂದೇ.

ಆಗ ಕಲ್ಲುಗೋಡೆಯ ಮೇಲಿಂದ:
"ಮೂಲೆಯಿಂದ ಮೂಲೆಗೆ ಅಳೆಯಿರಿ. ಅಡ್ಡಡ್ಡ."

ಪಿಟ್ಸೊ. ಹಾಜರಿ ಪುಸ್ತಕದಲ್ಲಿಲ್ಲದ ಹೆಸರು.
ಬೇರೆಯವರ ಹನ್ನೊಂದು ದನ ಕಾಯುತ್ತಾನೆ,
ವರ್ಷ ತುಂಬಿದರೆ ಒಂದು ಹಸು ಸಂಬಳ.
ಬೆಟ್ಟದ ಚಪ್ಪಡಿಯ ಮೇಲೆ ಮೊರಬರಬ ಗೀರಿಕೊಂಡು,
ಚೌಕದೊಳಗೆ ಚೌಕ, ಅದರೊಳಗೆ ಇನ್ನೊಂದು,
ಹರಳುಗಳಿಗೂ ದನ ಎಂದೇ ಹೆಸರಿಟ್ಟು ಆಡುತ್ತಾನೆ.
ಮೂರು ದನ ಸಾಲಾದರೆ ಎದುರಾಳಿಯದೊಂದು ಹೋಯಿತು.
ಗೆರೆ ವಾಲಿತೋ, ಜಗಳ.
ಅಳತೆ ಹುಟ್ಟಿದ್ದು ಜಗಳದಿಂದ.

ಹೆಜ್ಜೆ ಇಟ್ಟು ಅಳೆದರು:
ಒಂದು ಕಡೆ ಏಳು, ಇನ್ನೊಂದು ಕಡೆ ಹತ್ತು.
ನ್ಥಾತಿ, ರೆಫಿಲ್ವೆ ಹಿಂದೆ ಸರಿದರು,
ಉಳಿದಿಬ್ಬರು ಒಳಗೆ ಬಂದರು, ಇನ್ನೂ ಚೂರು, ಇನ್ನೂ ಚೂರು,
ಎಂಟೂವರೆ. ಎಂಟೂವರೆ.
ಹಗ್ಗ ಒಮ್ಮೆ ನಡುಗಿ ನೆಟ್ಟಗಾಯಿತು.
ಲಂಬಕೋನ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದು
ಅಲ್ಲೇ ಕೂತಿತು, ಅತಿಥಿಯ ಹಾಗೆ.

"ಬಾರೋ," ಎಂದೆ, "ಇಲ್ಲಿ ಇನ್ನೊಂದು ಕೈ ಬೇಕು."
ಒಂದು ಕಾಲು ಇತ್ತ ಹಾಕಿದ, ನಿಜ.
ಅಷ್ಟರಲ್ಲಿ ಕೆಂದಹಸು ಯಾರದೋ ಜೋಳಕ್ಕೆ ನುಗ್ಗಿ,
ಶಿಳ್ಳೆ, ಬೈಗುಳ, ಗಮ್‌ಬೂಟಿನ ದಪದಪ,
ಗೋಡೆ.

ಸಂಜೆ ಗಂಟು ಬಿಚ್ಚಿ ಮತ್ತೆ ಕಟ್ಟಿದೆ. ಐದು.

ಬೆಳಿಗ್ಗೆ ನಾಲ್ವರು ನಾಲ್ಕು ಗಂಟು ಹಿಡಿದರು.
ಐದನೆಯದು ಗೋಡೆಯ ಬುಡದಲ್ಲಿ, ಧೂಳಿನಲ್ಲಿ.
ಲಿಬುಸೆಂಗ್ ಮೂಗೊರೆಸಿಕೊಂಡು ಕೇಳಿದಳು:
"ಇದಕ್ಕೆ ಏನಂತಾರೆ, ಮ್ಮೆ?"
ಗೊತ್ತು ನನಗೆ. ಪುಸ್ತಕದಲ್ಲೂ ಇದೆ.
"ಇನ್ನೂ ಆಗಿಲ್ಲ," ಎಂದೆ.
"ಹಿಡಿದುಕೊಂಡಿರಿ."