ಮೀನಿಗೆ ನಾಲ್ಕನೆಯ ಹೆಸರು

ಮೊಳೆ ಬೋಲ್ಟು ಮಾರುವ ಅಂಗಡಿಯ ಮಹಡಿ ಮೇಲೆ
ವಾರಕ್ಕೆ ಮೂರು ರಾತ್ರಿ ಚೀನೀ ಪಾಠ.
ಕುರ್ಚಿ ಹನ್ನೊಂದು, ಬರುವವರು ಇಪ್ಪತ್ತು;
ಬೇಗ ಬಂದವರಿಗೆ ಬೆನ್ನು ಆನಿಸುವ ಭಾಗ್ಯ.
ನಾನು, ನಿಕೊಲಾಸಾ, ಮೀನು ಕೊಯ್ಯುವವಳು.
ಕೈ ಎಷ್ಟು ತೊಳೆದರೂ
ಪಕ್ಕದ ಹುಡುಗ ಮೂಗು ತಿರುಗಿಸುತ್ತಾನೆ.
ತಿರುಗಿಸಲಿ. ಫೀಸು ನಾನೂ ಕಟ್ಟಿದ್ದೇನೆ.

ಪೆರುವಿನ ಈ ದಂಡೆಗೆ ಮಳೆಯಿಲ್ಲ, ಬರೀ ಮಂಜು.
ಮಂಜಿನೊಳಗೆ ಹೊಸ ಬಂದರಿನ ಕ್ರೇನುಗಳು
ಕತ್ತು ನೀಡಿ ನಿಂತಿವೆ
ಎಷ್ಟು ನುಂಗಿದರೂ ಸಾಲದ ಪೆಲಿಕನ್‌ಗಳ ಹಾಗೆ.
ಗೇಟಿಗೆ ಕಾಗದ ಅಂಟಿಸಿದ್ದಾರೆ:
ಚೀನೀ ಬಲ್ಲವರಿಗೆ ಸಂಬಳ ಒಂದೂವರೆ ಪಟ್ಟು.
ಅಂದಿನಿಂದ ಚಾಂಕಾಯ್ ಊರಿಗೆ ಊರೇ
ನಾಲಗೆ ಉಜ್ಜಿಕೊಳ್ಳುತ್ತಿದೆ.
ನನಗೆ ಸಂಬಳ ಬೇಡ. ಅವರ ಅಡುಗೆಮನೆಗೆ
ಮೀನು ಹಾಕುವ ಗುತ್ತಿಗೆ ಸಿಕ್ಕರೆ ಸಾಕು.

ಇರ್ಮಾ ಚೋಂಗ್ ಟೀಚರ್ ಬಳಪ ಎತ್ತುತ್ತಾರೆ:
ಮಾಯ್ ಅಂದರೆ ಕೊಳ್ಳು.
ಮಾಯ್ ಅಂದರೆ ಮಾರು.
ಎರಡೂ ಒಂದೇ ಅಲ್ಲವೇ ಟೀಚರ್?
ಅಲ್ಲ. ಕೊಳ್ಳುವಾಗ ದನಿ ಹಳ್ಳಕ್ಕಿಳಿದು ಮತ್ತೆ ಹತ್ತಬೇಕು,
ಮಾರುವಾಗ ಎತ್ತರದಿಂದ ಧೊಪ್ಪನೆ ಬೀಳಬೇಕು.
ನಲವತ್ತು ವರ್ಷ ದಕ್ಕೆಯಲ್ಲಿ ಕೂತವಳಿಗೆ
ಇದನ್ನು ಹೇಳಿಕೊಡಬೇಕೆ?
ಆದರೂ ತಪ್ಪಿತು. ಮೀನು ಮಾರುತ್ತೇನೆ ಅನ್ನಲು ಹೋಗಿ
ನನ್ನ ಮೀನನ್ನು ನಾನೇ ಕೊಂಡೆ.
ಮೂಗಿನ ಹುಡುಗ ನಕ್ಕ. ನಾನೂ ನಕ್ಕೆ.
ಅಂಥ ದಿನಗಳೂ ಇದ್ದವು ಮಗು,
ನಿನಗೆ ಗೊತ್ತಿಲ್ಲ.

ಮೀನಿಗೆ ನನ್ನಲ್ಲಿ ಮೂರು ಹೆಸರು.
ಬೆಟ್ಟ ಇಳಿದು ಬಂದ ಅವ್ವ
ಬೆನ್ನಿನ ಗಂಟಿನಲ್ಲಿ ನನ್ನ ಜೊತೆ ಹೊತ್ತು ತಂದದ್ದು: ಚಲ್ವ.
ಶಾಲೆಯಲ್ಲಿ ಚಲ್ವ ಅಂದದ್ದಕ್ಕೆ ಬಾಯಿಗೆ ಸಾಬೂನು;
ನೊರೆಯ ಜೊತೆ ಬಂದದ್ದು: ಪೆಸ್ಕಾದೊ.
ಈಗ ಯೂ. ಇದಕ್ಕೆ ಸಾಬೂನಿಲ್ಲ,
ಮೊಹರು ಒತ್ತಿದ ಸರ್ಟಿಫಿಕೇಟಿದೆ.

ಒಂದು ರಾತ್ರಿ ಅಡುಗೆಯ ಪದಗಳು. ಶುಂಠಿ ಬಂತು.
ಚ್ಯಾಂಗ್, ಎಂದು ಬರೆದರು.
ಕಿಯೊನ್ ಅನ್ನುತ್ತೇವಲ್ಲ ನಾವೆಲ್ಲ,
ಅದೂ ಚೀನೀಯೇ ಅಂತೆ? ಅಂದೆ.
ಬಳಪ ನಿಂತಿತು.

ಅದು ನನ್ನ ಮುತ್ತಜ್ಜನದು.
ಎಂಟು ವರ್ಷದ ಕರಾರಿಗೆ ಹೆಬ್ಬೆಟ್ಟು ಒತ್ತಿ
ಈ ಕಣಿವೆಯ ಕಬ್ಬು ಕಡಿಯಲು ಬಂದವನು ತಂದ ಬೇರು.
ಆ ಮಾತೇ ಬೇರೆ, ಬಂದರಿನವರ ಮಾತೇ ಬೇರೆ.
ಅಜ್ಜಿ ಅದರಲ್ಲೇ ಬೈಯುತ್ತಿದ್ದಳು,
ನಾನು ಸ್ಪ್ಯಾನಿಷಿನಲ್ಲಿ ಎದುರಾಡುತ್ತಿದ್ದೆ.
ಈಗ ಕಲಿಸುವುದನ್ನು ಐವತ್ತು ದಾಟಿದ ಮೇಲೆ
ಕ್ಯಾಸೆಟ್ ಹಾಕಿಕೊಂಡು ಕಲಿತೆ, ನಿಮ್ಮ ಹಾಗೇ.
ಗೇಟಿನಲ್ಲಿ ಕಿಯೊನ್ ಅನ್ನಬೇಡಿ, ಯಾರಿಗೂ ತಿಳಿಯದು.
ಅದಕ್ಕೆ ಒಂದೂವರೆ ಪಟ್ಟು ಇಲ್ಲ.
ಹ್ಞೂಂ, ಮುಂದಿನ ಪದ: ಉಪ್ಪು.

ಎಲ್ಲ ಇಳಿದು ಹೋದ ಮೇಲೆ
ಬೀಗ ಹುಡುಕುತ್ತಿದ್ದವರ ಕೈಗೆ
ಕಾಗದ ಸುತ್ತಿದ ಬೊನಿತೊ ಇಟ್ಟೆ.
ನಿಮ್ಮ ಅಜ್ಜಿ ಇದಕ್ಕೆ ಏನನ್ನುತ್ತಿದ್ದರು?
ತುಂಬ ಹೊತ್ತು ಹುಡುಕಿದರು, ಬೀಗವನ್ನಲ್ಲ.
ಆಮೇಲೆ ತುಟಿ ಅಲುಗದೆ, ಹಲ್ಲು ಕಾಣದೆ
ಮೂಗಿನೊಳಗೇ ಹುಟ್ಟಿ ಅಲ್ಲೇ ಆರಿದ ಒಂದು ಸದ್ದು:
ಙ್.
ಅಷ್ಟೇನಾ?
ಅಷ್ಟೇ.
ನಾನು ಚಲ್ವ ಅಂದೆ. ಅವರೂ ಅಂದರು, ಸ್ವಲ್ಪ ತಪ್ಪಾಗಿ.
ತಿದ್ದಲಿಲ್ಲ.

ನಾಳೆ ಗೇಟಿನಲ್ಲಿ ನನ್ನ ಸರದಿ.
ಚೂರಿ ತಾಗಿದ ಹೆಬ್ಬೆರಳಿನ ಗಾಯ ಇನ್ನೂ ಮಾಯದೆ
ಕಟಕಟೆ ಹಿಡಿದು ಮೆಟ್ಟಿಲು ಇಳಿಯುತ್ತೇನೆ
ಮಾಯ್, ಮಾಯ್,
ಇಳಿದು ಹತ್ತುವುದು ಒಂದು,
ಬೀಳುವುದು ಒಂದು;
ಮಂಜಿನಲ್ಲಿ ಎರಡೂ ಒಂದೇ ಥರ ಕೇಳುತ್ತವೆ.