ತಲೆ ಹೊಡೆದ ಅಳತೆ

ಡಬ್ಬ ಮೊದಲು ಎಣ್ಣೆಯದು.
ಹೊಟ್ಟೆಯ ಮೇಲೆ ಯಾವುದೋ ದೇಶದ ಬಾವುಟ,
ಕೆಳಗೆ, ಮಾರಾಟಕ್ಕಲ್ಲ ಎಂಬ ಮಾತು.
ತಗಡಿನ ಕೆಲಸದ ಪಿತಿಯಾ ಅದರ ಬಾಯಿ ಕೊಯ್ದು, ಅಂಚು ಮಡಿಚಿ,
ಸೈಕಲ್ಲಿನ ಕಡ್ಡಿ ಬಗ್ಗಿಸಿ ಹಿಡಿ ಕೂರಿಸಿದ ದಿನ
ನಾನು ಅಳೆಯುವವಳಾದೆ.

ಯುಂಬೆಯ ಕೆಂಪು ಬಯಲು, ನೀಲಿ ತಾಡಪಾಲಿನ ನೆರಳು.
ತಲೆಗೆ, ತಿಂಗಳಿಗೆ, ನಾಲ್ಕು ಡಬ್ಬ ಜೋಳ.
ರಾಶಿ ಏರಿಸುವಂತಿಲ್ಲ.
ಕೋಲೆಳೆದು ತಲೆ ಹೊಡೆಯಬೇಕು.
ಗಡಿಯಾಚೆ ಕಾಜೊಕೇಜಿಯಲ್ಲಿ ನನ್ನವ್ವ ಅಳೆದರೆ
ಸೇರಿನ ಮೇಲೊಂದು ಗುಡ್ಡ ನಿಲ್ಲುತ್ತಿತ್ತು,
ಜಾರಿದ್ದು ಕೊಂಡವರ ಪುಣ್ಯ.
ಇಲ್ಲಿ ಜಾರಿದ್ದಕ್ಕೆ ಮಕ್ಕಳು ಕಾದಿರುತ್ತಾರೆ,
ಕೋಳಿಗಳಿಗಿಂತ ಮುಂದೆ, ಪೊರಕೆ ಹಿಡಿದು.

ಎರಡನೇ ವರ್ಷ ಆಫೀಸಿನಿಂದ ಫೋನು.
ಕಾರ್ಡಿನಲ್ಲಿ ನಾಲ್ಕು ನಾಲ್ಕೇ ಇರಲಿ,
ಡಬ್ಬ ಗಿಡ್ಡ ಮಾಡಿ ಅಂದರು.
ಪಿತಿಯಾ ನಾಲ್ಕು ಬೆರಳು ಅಗಲ ಕೊಯ್ದ.
ಮರುವರ್ಷ ಇನ್ನೂ ಮೂರು.
ಬೇರೆಲ್ಲೋ ಹೊಸ ಯುದ್ಧವಂತೆ, ಅಲ್ಲೂ ಹಸಿವಂತೆ,
ದುಡ್ಡು ಅತ್ತ ಹೋಯಿತಂತೆ.
'ಅವರಿಗೂ ಹೊಟ್ಟೆಯಿದೆಯಲ್ಲ' ಎಂದಳು ಸಾಲಿನಲ್ಲಿ ಒಬ್ಬಳು.
ಉಳಿದವರು ನನ್ನನ್ನು ಬೈದರು.
ಬೈಯಲು ಕೈಗೆ ಸಿಗುವ ದೂರದಲ್ಲಿ
ಇದ್ದವಳು ನಾನೊಬ್ಬಳೇ ತಾನೆ.

ನನ್ನ ಅತ್ತೆ ಜೊಕುಡು ಅದೇ ಸಾಲಿನಲ್ಲಿ ನಿಲ್ಲುತ್ತಾಳೆ.
ನಮ್ಮ ಮನೆಯದನ್ನು ನಾನು ಅಳೆಯುವಂತಿಲ್ಲ, ಪಕ್ಕದವಳು ಅಳೆಯುತ್ತಾಳೆ.
ಅತ್ತೆ ನನ್ನ ಹೆಸರು ಕರೆಯುವುದಿಲ್ಲ,
ಚೀಲದ ಬಾಯಿ ಮಾತ್ರ
ಬೇಕಾದ್ದಕ್ಕಿಂತ ಅಗಲ ಹಿಡಿದಿರುತ್ತಾಳೆ.

ಕೊಯ್ದ ತಗಡಿನ ಬಳೆಗಳು ಪಿತಿಯಾನ ಗುಡಿಸಲಿನ ಮೊಳೆಯಲ್ಲಿ.
ಬಿಸಾಕು ಎಂದರೆ, ತಗಡು ತಗಡೇ ಅಂದ.

ಆಮೇಲೆ ಒಂದು ರಾತ್ರಿ ಗಡಿಯಿಂದ ಲಾರಿ ಬಂತು.
ಹೊಸಬರಿಗೆ ಕಾರ್ಡಿಲ್ಲ, ಕಾರ್ಡಿಗೆ ಮೂರು ವಾರ,
ಯಂತ್ರ ಕೆಟ್ಟಿದ್ದರೆ ನಾಲ್ಕು.
ನಲ್ಲಿಯ ಕಟ್ಟೆಯ ಮೇಲೆ ಕೂತ ಒಬ್ಬಳು
ಬೆನ್ನಿಗೆ ಮಗುವನ್ನೂ ಹೆಗಲಿಗೆ ಒನಕೆಯನ್ನೂ ಹೊತ್ತು ತಂದಿದ್ದಳು.
ಆರು ದಿನದ ದಾರಿ.
ಒನಕೆ ಇತ್ತು. ಕಾಳು ಇರಲಿಲ್ಲ.

ಯಾರು ಹೇಳಿದರೋ ಗೊತ್ತಿಲ್ಲ.
ಬೆಳಿಗ್ಗೆ ಬಂದಾಗ, ಮೊದಲು ಕೊಯ್ದ ಆ ಬಳೆಗೆ
ತಳ ಹಾಕಿದ್ದ ಪಿತಿಯಾ. ಒಂದು ಗಿಡ್ಡ ಬಟ್ಟಲು.
ಮುದುಕಿ ಕಿಡೆನ್ ಅದನ್ನು ಹಿಡಿದು
ಗೇಟಿನ ಬಳಿ ಕೂತಿದ್ದಳು, ಪಕ್ಕದಲ್ಲೊಂದು ಡ್ರಮ್ಮು.
ಹೊರಗೆ ಹೋಗುವವರು ಚೀಲ ಬಿಚ್ಚಿ
ಒಂದು ಬಟ್ಟಲು ಸುರಿದು ಹೋದರು.
ಎಲ್ಲರೂ ಅಲ್ಲ.
ಕೆಲವರು ಬೇಲಿಯ ಸಂದಿಯಿಂದ ನುಸುಳಿದರು.
ಒಬ್ಬಳು ಸುರಿದು, ಹತ್ತು ಹೆಜ್ಜೆ ನಡೆದು,
ತಿರುಗಿ ಬಂದು, ಡ್ರಮ್ಮಿಗೆ ಕೈ ಹಾಕಿ
ಒಂದು ಹಿಡಿ ವಾಪಸು ತೆಗೆದುಕೊಂಡಳು.
ಕಿಡೆನ್ ಆಕಾಶ ನೋಡುತ್ತ ಮಳೆಯ ಮಾತಾಡಿದಳು.

ಆಫೀಸಿನ ಹುಡುಗ ಬಂದು ಬಟ್ಟಲನ್ನು ತಿರುವಿ ನೋಡಿದ.
ಇದು ಎಷ್ಟು ಹಿಡಿಯುತ್ತೆ, ಯಾವ ಕಾಲಮ್ಮಿಗೆ ಬರೆಯಲಿ ಎಂದ.
ನನಗೂ ತಿಳಿಯದು ಎಂದೆ.
ಕೋಲಿಗೂ ಅದಕ್ಕೂ ಪರಿಚಯವಾಗಿಲ್ಲ ಇನ್ನೂ.

ಆ ರಾತ್ರಿ ನಲ್ಲಿಯ ಕಡೆಯಿಂದ ಒನಕೆಯ ಸದ್ದು.
ಯಾರದೋ ಒರಳು ಸಿಕ್ಕಿರಬೇಕು.
ಮಲಗಿದಲ್ಲೇ ಎಣಿಸಿದೆ, ಅಭ್ಯಾಸ.
ಇಪ್ಪತ್ತಕ್ಕೆ ಲೆಕ್ಕ ತಪ್ಪಿತು.
ಅವಳು ಕುಟ್ಟುತ್ತಲೇ ಇದ್ದಳು.